ಹೆಂಗಸರ ಬಾಗಿಲಲ್ಲಿ ಕೊಲೆಗಾರನ ಗುಟ್ಟು

ಶಿಗ್ಗಾಂವಿಯಲ್ಲಿ ನನ್ನ ಟೆಂಟು ಸಿನಿಮಾ ನಿಲ್ಲುತ್ತಿದ್ದ ಜಾಗ ಒಬ್ಬ ಗೌಡಸಾನಿಯದು. ರಸ್ತೆಗೆ ಹತ್ತಿದ ಸಪಾಟು ನೆಲ, ಒಂದು ಮಗ್ಗುಲಿಗೆ ಬೇವಿನ ಮರಗಳ ಸಾಲು, ಗಾಡಿ ಬಿಟ್ಟು ಎತ್ತು ಕಟ್ಟಲು ನೆರಳು, ಇನ್ನೊಂದು ಮಗ್ಗುಲಿಗೆ ಸಿಹಿನೀರಿನ ಬಾವಿ. ಟೆಂಟು ನಡೆಸುವವನಿಗೆ ಅಂಥ ಜಾಗ ಸಿಕ್ಕರೆ ಅರ್ಧ ದಂಧೆ ಗೆದ್ದ ಹಾಗೆ. ಪಿಚ್ಚರು ಸಪ್ಪೆಯಾದರೂ ಜನ ಜಾಗಕ್ಕಾಗಿ ಬರುತ್ತಾರೆ; ಜಾಗ ಸರಿಯಿಲ್ಲದಿದ್ದರೆ ಎಂಥ ಪಿಚ್ಚರಿಗೂ ಬರುವುದಿಲ್ಲ. ಈಗಲೂ ಯಾರಾದರೂ ಹೊಸದಾಗಿ ಅಂಗಡಿ ಹಾಕುತ್ತೇನೆಂದು ಬಂದರೆ ನಾನು ಕೇಳದಿದ್ದರೂ ಹೇಳುವ ಮಾತು ಇದೇ: ಮೊದಲು ನೆರಳು ನೋಡು, ನೀರು ನೋಡು, ಆಮೇಲೆ ಬೋರ್ಡಿಗೆ ಬಣ್ಣ ಹಚ್ಚು.

ಎಪ್ಪತ್ತರ ದಶಕದ ನಡುವಿನ ಒಂದು ವರ್ಷ, ದೀಪಾವಳಿ ಕಳೆದ ಮೇಲೆ, ಎಂದಿನಂತೆ ಜಾಗ ಕೇಳಲು ಹೋದೆ. ಗೌಡಸಾನಿ ಪಡಸಾಲೆಯಲ್ಲಿ ಕುಳಿತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು.

"ಈ ವರ್ಷ ಸುಮ್ಮನ ಕೊಡಂಗಿಲ್ಲ ತಮ್ಮಾ," ಅಂದರು. "ಹತ್ತಿ ವ್ಯಾಪಾರದಾಂವ ಒಬ್ಬ ಕೇಳ್ಯಾನ. ಹತ್ತಿ ಗಂಟು ಒಟ್ಟತಾನಂತ. ಹತ್ತಿ ಬಾಯಿ ಮಾಡಂಗಿಲ್ಲ, ಸೀಟಿ ಹೊಡಿಯಂಗಿಲ್ಲ."

"ಸೀಟಿ ಹೊಡಿಯೋರು ಗಂಡಸರ್ರೀ ಅವ್ವಾರ. ಹೆಣ್ಮಕ್ಕಳು ಪಾಪ ಸುಮ್ಮನ ಕುಂತು ನೋಡ್ತಾರ."

"ಎಲ್ಲಿ ನೋಡ್ತಾರ? ನಮ್ಮ ಸೊಸ್ತ್ಯಾರು ಹೋದ ವರ್ಷ ಹೋಗಿ ಅರ್ಧಕ್ಕ ಎದ್ದು ಬಂದ್ರು. ಬರೇ ಹೊಡದಾಟ ಅಂದ್ರು. ನನ್ನ ಜಾಗಾದಾಗ ನಮ್ಮನಿ ಹೆಣ್ಮಕ್ಕಳು ನೋಡೋ ಅಂಥಾದ್ದು ಏನೂ ಇಲ್ಲಂದ್ರ ನಾ ಯಾಕ ಕೊಡ್ಲಿ?"

ಉತ್ತರ ಇಲ್ಲದಾಗ ಚೌಕಾಸಿ ಶುರು ಮಾಡಬೇಕು. ಎಳೆದಾಡಿ ಕಡೆಗೊಂದು ಮಾತಿಗೆ ಬಂದೆವು. ಈ ಸಲ ಟೆಂಟು ಹಾಕುವುದು. ಗೌಡಸಾನಿ ತಾವೇ ಸೊಸೆಯರನ್ನು ಕರೆದುಕೊಂಡು ಒಂದು ಆಟ ಬಂದು ನೋಡುವುದು. ಮನಸ್ಸಿಗೆ ಬಂದರೆ ಜಾಗ ವರ್ಷಾವರ್ಷ ನನ್ನದು. ಬಾರದಿದ್ದರೆ ಮರುದಿನವೇ ಗೂಟ ಕಿತ್ತು ಹೋಗಬೇಕು, ಮುಂದೆಂದೂ ಆ ಹೊಸ್ತಿಲಿಗೆ ಬರಬಾರದು. ಗೌಡಸಾನಿ ಅಲ್ಲಿಯವರೆಗೆ ಒಂದೂ ಸಿನಿಮಾ ನೋಡಿದವರಲ್ಲ ಎಂಬುದು ನನಗೆ ಹೊರಗೆ ಬಂದ ಮೇಲೆ ನೆನಪಾಯಿತು.

ನಮ್ಮ ಟೆಂಟು ಮಳೆ ನಿಂತ ಮೇಲೆ ಹಾನಗಲ್ಲಿನಲ್ಲಿ ಏಳುತ್ತಿತ್ತು. ಅಲ್ಲಿಂದ ಸವಣೂರು, ಆಮೇಲೆ ಶಿಗ್ಗಾಂವಿ, ಕಡೆಗೆ ಹಿರೇಕೆರೂರು. ಶಿಗ್ಗಾಂವಿ ತಪ್ಪಿದರೆ ಟೆಂಟಿನ ನಡುಗಂಬವೇ ಮುರಿದಂತೆ. ಅಲ್ಲಿಗೆ ಸುತ್ತಲಿನ ಹಳ್ಳಿಗಳಿಂದ ಬರುವಷ್ಟು ಗಾಡಿ ಬೇರೆಲ್ಲಿಗೂ ಬರುತ್ತಿರಲಿಲ್ಲ.

ಟೆಂಟಿನ ಗಂಡಸರ ಬಾಗಿಲಲ್ಲಿ ನಾನು ನಿಲ್ಲುತ್ತಿದ್ದೆ. ಹೆಂಗಸರ ಬಾಗಿಲಲ್ಲಿ ನಮ್ಮ ಅವ್ವ. ಅದಕ್ಕೂ ಮೊದಲು ಅವ್ವ ಸವಣೂರಿನ ವೀಳ್ಯದೆಲೆಯನ್ನು ಬುಟ್ಟಿಯಲ್ಲಿ ಹೊತ್ತು ಊರೂರ ಸಂತೆಗೆ ಒಯ್ದು ಮಾರಿದವಳು. ನನಗೆ ವ್ಯಾಪಾರ ಕಲಿಸಿದ್ದು ಆ ಬುಟ್ಟಿಯೇ. ಎಲೆಯ ವ್ಯಾಪಾರದಲ್ಲಿ ಒಂದು ಪದ್ಧತಿಯಿದೆ. ಮಾರುವವರು ಹಸಿರಾದ ಎಲೆಯನ್ನು ಕಟ್ಟಿನ ಮೇಲೆ ಇಟ್ಟಿರುತ್ತಾರೆ, ಅದು ಎಲ್ಲರಿಗೂ ಗೊತ್ತು. ಆದ್ದರಿಂದ ಕೊಳ್ಳುವವರು ಮೇಲಿನದನ್ನು ನೋಡುವುದೇ ಇಲ್ಲ. ಕಟ್ಟು ಬಿಚ್ಚಿ ನಡುವಿನ ಎಲೆ ತೆಗೆದು ನೋಡುತ್ತಾರೆ. ಅವ್ವ ಬಿಚ್ಚಬೇಡಿ ಎಂದು ಯಾರಿಗೂ ಅನ್ನುತ್ತಿರಲಿಲ್ಲ. ತಾನೇ ಬಿಚ್ಚಿ ತೋರಿಸುತ್ತಿದ್ದಳು. ಶಿಗ್ಗಾಂವಿಯ ಗೌಡಸಾನಿ ಅವಳ ಹಳೆಯ ಗಿರಾಕಿ. ಅಷ್ಟು ವರ್ಷ ಒಂದೇ ಒಂದು ಸಲವೂ ಕಟ್ಟು ಬಿಚ್ಚದೆ ಕೊಂಡವರಲ್ಲ.

ಹೊಡೆದಾಟವಿಲ್ಲದ, ಮನೆಯೊಳಗೇ ನಡೆಯುವ ಪಿಚ್ಚರು ಬೇಕೆಂದು ಹುಬ್ಬಳ್ಳಿಗೆ ಹೋದೆ. ಅಲ್ಲಿ ಹಳೆಯ ಪ್ರಿಂಟುಗಳನ್ನು ಬಾಡಿಗೆಗೆ ಕೊಡುವವನೊಬ್ಬನಿದ್ದ. ಅವನು ಡಬ್ಬಿಗಳ ಮೇಲಿನ ಧೂಳು ಹೊಡೆದು ಒಂದು ಕಪ್ಪು-ಬಿಳುಪಿನ ಪಿಚ್ಚರು ಮುಂದಿಟ್ಟ.

"ಇದರಂಥಾದ್ದು ಇನ್ನೊಮ್ಮೆ ಹುಟ್ಟಂಗಿಲ್ಲ," ಅಂದ. "ಸಸ್ಪೆನ್ಸು."

ಹಳೆಯ ಸಾಮಾನು ಕೊಳ್ಳುವಾಗ ಮಾರುವವನ ಮುಖ ನೋಡಬಾರದು, ಅವನ ಹಿಂದೆ ನಿಂತ ಆಳಿನ ಮುಖ ನೋಡಬೇಕು. ಅವನ ಆಳು ಆ ಡಬ್ಬಿ ಹೊರಬಂದದ್ದಕ್ಕೇ ಕಣ್ಣರಳಿಸಿದ್ದ. ಯಾರೂ ಒಯ್ಯದೆ ಬಿದ್ದ ಮಾಲು ಎಂದು ನನಗೆ ತಿಳಿಯಿತು. ಬಣ್ಣದ ಕಾಲ ಬಂದಿತ್ತು. ಕಪ್ಪು-ಬಿಳುಪು ಯಾರಿಗೆ ಬೇಕು? ನಾನು ರೀಲು ಬಿಚ್ಚಿ ಬೆಳಕಿಗೆ ಹಿಡಿದು ಅಂಚಿನ ತೂತುಗಳನ್ನು ನೋಡಿದೆ. ಹರಿದದ್ದು ಕಡಿಮೆ. ಮುಖ ಮಾತ್ರ ಸಿಂಡರಿಸಿಕೊಂಡೆ. ಕಡೆಗೆ ಒಂದೇ ಬಾಡಿಗೆಗೆ ಮಳೆಗಾಲದವರೆಗೆ ನನ್ನ ಹತ್ತಿರವೇ ಇರಲಿ ಎಂಬಲ್ಲಿಗೆ ಅವನನ್ನು ಇಳಿಸಿದೆ. ಅವನು ಹಾಕಿದ ಷರತ್ತು ಒಂದೇ. ಪೋಸ್ಟರಿನ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ನೋಡಿ ಬಂದವರು ಅಂತ್ಯವನ್ನು ಯಾರಿಗೂ ಹೇಳಬಾರದು.

ಕತೆ ಹೀಗಿತ್ತು. ಒಂದು ದೊಡ್ಡ ಮನೆ. ಆ ಮನೆಯ ಯಜಮಾನ ಕುರ್ಚಿಯಲ್ಲಿ ಕುಳಿತಲ್ಲೇ ಕೊಲೆಯಾಗಿದ್ದಾನೆ. ಗೋಡೆಯ ಗಡಿಯಾರ ನಿಂತಿದೆ, ಅದಕ್ಕೆ ಚಾವಿ ಕೊಡುವ ಕೀಲಿ ಕಾಣೆಯಾಗಿದೆ. ಆ ಕೀಲಿ ಯಾರ ಹತ್ತಿರ ಸಿಗುತ್ತದೋ ಅವನೇ ಕೊಲೆಗಾರ. ಮನೆಯಲ್ಲಿ ಕುಂಟುತ್ತ ನಡೆಯುವ ಮಾಲಿ, ಸಿಡುಕಿನ ಅಡುಗೆಯವನು, ಒಬ್ಬ ಚಿಕ್ಕಮ್ಮ, ಒಂದು ಕಾಯಿಲೆಯ ಕೂಸು, ಆ ಕೂಸಿಗೆ ಔಷಧ ಕೊಡಲು ಬರುವ ನಗುಮುಖದ ಡಾಕ್ಟರು. ಕೊಂದವನು ಡಾಕ್ಟರು. ಆ ಪ್ರಿಂಟು ಎಂದೋ ತುಂಡಾಗಿ ಹೋಯಿತು, ಈಗ ಹೇಳಿದರೆ ಯಾರಿಗೂ ನಷ್ಟವಿಲ್ಲ. ಯಾಕೆ ಹೇಳಿದಿರಿ ಎಂದು ನನ್ನ ಮೇಲೆ ಸಿಟ್ಟಾಗುವ ಓದುಗರು ನನ್ನ ಬಾಗಿಲಿನಿಂದ ಒಳಬಂದವರು. ಇಷ್ಟು ತಡಮಾಡಿ ಯಾಕೆ ಹೇಳಿದಿರಿ ಅನ್ನುವವರು ಅವ್ವನ ಬಾಗಿಲಿನವರು.

ಹಾನಗಲ್ಲಿನಲ್ಲಿ ಮೊದಲ ದಿನವೇ ಊರು ಎರಡಾಯಿತು. ನಮ್ಮದು ಒಂದೇ ಪ್ರೊಜೆಕ್ಟರಿನ ಟೆಂಟು. ಒಂದು ರೀಲು ಮುಗಿದು ಇನ್ನೊಂದನ್ನು ಏರಿಸುವತನಕ ದೀಪ ಹಚ್ಚಿಡಬೇಕು. ಬೇರೆ ಪಿಚ್ಚರಿನಲ್ಲಿ ಆ ಹೊತ್ತು ಬೀಡಿಗೆ, ಚುರುಮುರಿಗೆ ಹೋಗುತ್ತಿತ್ತು. ಈ ಪಿಚ್ಚರಿನಲ್ಲಿ ಗಂಡಸರು ಎದ್ದು ನಿಂತು ಪಂಚಾಯಿತಿ ನಡೆಸುತ್ತಿದ್ದರು.

"ಮಾಲಿನೇ ಖೂನಿ ಮಾಡಿದಾಂವ. ಕುಂಟೂದು ಬರೇ ನಾಟಕ."

"ಲೇ, ಮಾಲಿ ಕುಂಟ ಅಂತ ನಿನಗ ಸಂಶೆ. ಕುಂಟದಿದ್ರ ನಮ್ಮ ಮಾವ ಅಂತಿದ್ದಿ."

ಕಾಲೇಜು ಕಲಿತ ಹುಡುಗರು ಮಾತ್ರ ಬಣ್ಣವಿಲ್ಲ, ಕುಣಿತವಿಲ್ಲ, ಬರೀ ಕತ್ತಲೆ ತೋರಿಸುತ್ತಾನೆ ಎಂದು ಮೂಗು ಮುರಿದರು. ಇನ್ನು ನಡುವೆ ಹಗ್ಗ ಕಟ್ಟಿ ಬೇರೆ ಮಾಡಿದ ಹೆಂಗಸರ ಕಡೆ ಕೂರಲು ಹಾಸಿದ ಮರಳು ಖಾಲಿ ಬಿದ್ದಿತ್ತು. ಜಟಕಾದಲ್ಲಿ ಮೈಕು ಕಟ್ಟಿ ಹಂಚಿದ ನಮ್ಮ ಕರಪತ್ರದಲ್ಲಿ ಅರ್ಧ ಕತೆ ಹೇಳಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರಿ ಎಂದು ನಿಲ್ಲಿಸಿದ್ದೆವು. ಅದನ್ನು ಓದಿಸಿ ಕೇಳಿದ ಹೆಣ್ಣುಮಕ್ಕಳು ಬಾಗಿಲತನಕ ಬರುತ್ತಿದ್ದರು, ಮುಂದೇನು ಎಂದು ಕೇಳುತ್ತಿದ್ದರು, ಹೇಳದಿದ್ದರೆ ತಿರುಗಿ ಹೋಗುತ್ತಿದ್ದರು.

ಸವಣೂರಿಗೆ ಬಂದಾಗ ಲೆಕ್ಕ ತಿರುಗಿತು. ಎರಡನೆಯ ದಿನದಿಂದಲೇ ಹೆಂಗಸರ ಕಡೆ ಕಾಲಿಡಲು ಜಾಗವಿಲ್ಲ. ಹತ್ತಿಮತ್ತೂರಿನಿಂದಲೂ ಗಾಡಿ ಕಟ್ಟಿಕೊಂಡು ಬಂದರು. ನನಗೆ ಖುಷಿಯಾಯಿತು, ಯಾಕೆಂದು ಕೇಳುವ ಗೋಜಿಗೆ ಹೋಗಲಿಲ್ಲ. ಇದು ಮಾತ್ರ ಮಾಡಬಾರದು. ವ್ಯಾಪಾರ ಕೆಟ್ಟಾಗ ಎಲ್ಲರೂ ಕಾರಣ ಹುಡುಕುತ್ತಾರೆ. ಚೆನ್ನಾಗಿ ನಡೆದಾಗಲೂ ಹುಡುಕಬೇಕು.

ನನಗೆ ಕಾರಣ ತಿಳಿಸಿದವರು ಅಲ್ಲಿಯ ಒಬ್ಬ ವಕೀಲರು. ಪುರಾಣ ಪ್ರವಚನದ ಮನೆತನ, ಮನೆತುಂಬ ಸಂಸ್ಕೃತ ಪುಸ್ತಕ. ಆ ಪಿಚ್ಚರನ್ನು ಮೊದಲ ದಿನವೇ ನೋಡಿ ಮೆಚ್ಚಿ, ಇನ್ನೊಮ್ಮೆ ಹೆಂಡತಿಯನ್ನೂ ಕರೆತಂದಿದ್ದರು. ಮರುದಿನ ಮುಂಜಾನೆ ಟೆಂಟಿಗೆ ಬಂದು ಕುರ್ಚಿ ಎಳೆದು ಕೂತರು.

"ಏನಪಾ, ನಮ್ಮನಿಯಾಕಿ ಇಡೀ ಪಿಚ್ಚರ್ ನಗುನಗುತ ನೋಡಿದಳು. ಕಡೀಕೆ ಡಾಕ್ಟರ್ ಸಿಕ್ಕಾಗ ನಾನು ಹಗ್ಗದ ಈಚೆಯಿಂದ ಅಕಿ ಮುಖಾನ ನೋಡ್ಲಿಕ್ಕತ್ತಿದ್ದೆ. ಕಣ್ಣು ಪಿಳುಕಿಸಲಿಲ್ಲ. ಮನಿಗೆ ಹೋಗಿ ಕೇಳಿದರ, ಬಾಗಲದಾಗ ಕೂತ ಅವ್ವ ಮೊದಲ ಹೇಳಿದ್ದರು ಅಂತಾಳ."

ನಾನು ಅವ್ವನ ಕಡೆ ನೋಡಿದೆ. ಅವಳು ಚಹದ ಬಟ್ಟಲು ತೊಳೆಯುತ್ತ, "ಹೌದು, ಹೇಳೇನಿ," ಅಂದಳು. "ಕೇಳ್ತಾರ, ಹೇಳ್ತೇನಿ. ಕೂಸು ಸಾಯ್ತೈತೇನು, ಹೆಣ್ಮಗಳಿಗೆ ಏನಾರ ಆಕ್ಕೈತೇನು, ಯಾರು ಮಾಡಿದ್ದು ಅಂತಾರ. ಎದಿ ಗಟ್ಟಿ ಮಾಡ್ಕೊಂಡು ಒಳಗ ಹೋಗ್ತಾರ. ಹೇಳದಿದ್ರ ಹೊಳ್ಳಿ ಹೋಗ್ತಾರ. ಹಾನಗಲ್ಲಾಗ ನೋಡಲಿಲ್ಲೇನು?"

"ಅವ್ವಾ, ಮೊದಲ ಗೊತ್ತಾದರ ರಸ ಎಲ್ಲಿ ಉಳೀತದ?" ಅಂದರು ವಕೀಲರು.

"ನಿಮ್ಮನ್ಯಾಗ ಪುರಾಣ ಹೇಳ್ತೀರಲ್ರೀ ರಾಯರ, ಕಡೀಕ ಯಾರು ಗೆಲ್ತಾರಂತ ಗೊತ್ತಿದ್ದೂ ಮಂದಿ ಬರಂಗಿಲ್ಲೇನು?"

ವಕೀಲರು ನಕ್ಕರು. "ಪುರಾಣಕ್ಕ ಟಿಕೀಟ್ ಇಲ್ಲಲ್ಲವಾ. ಟಿಕೀಟ್ ಇಟ್ಟ ಮ್ಯಾಲೆ ಗುಟ್ಟೂ ಇಡಬೇಕು."

ಅವರ ಮಾತು ನನಗೆ ನಾಟಿತು. ಆಮೇಲೆ ನೋಡಿದರೆ ಅವ್ವನ ಬಾಗಿಲಿನ ಗುಟ್ಟು ಹೆಂಡತಿಯರಿಂದ ಗಂಡಂದಿರಿಗೆ, ಅಲ್ಲಿಂದ ಸಂತೆಗೆ ಹೋಗಿ ನನ್ನ ಬಾಗಿಲು ಬರಿದಾಗತೊಡಗಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನ ತಲೆಯಲ್ಲಿದ್ದದ್ದು ಶಿಗ್ಗಾಂವಿ. ಗೌಡಸಾನಿ ಬದುಕಿನಲ್ಲಿ ನೋಡುವ ಮೊದಲ ಸಿನಿಮಾ ಇದು. ಗುಟ್ಟು ತಿಳಿಯದೆ ನೋಡಿದರೆ ಎದೆ ನಡುಗೀತು, ಆ ನಡುಕಕ್ಕೆ ಮೆಚ್ಚಿ ಜಾಗ ಕೊಟ್ಟಾರು ಎಂದು ನನ್ನ ಎಣಿಕೆ.

"ಶಿಗ್ಗಾಂವ್ಯಾಗ ಬಾಯಿ ಬಿಡಬಾರದು," ಅಂದೆ ಅವ್ವನಿಗೆ.

"ಆ ಗೌಡಸಾನಿ ಬಿಚ್ಚದ ತಗೊಳ್ಳೋ ಪೈಕಿ ಅಲ್ಲಪಾ. ನಿನಗಿಂತ ಮೊದಲಿಂದ ನೋಡೇನಿ ಅಕಿನ್ನ."

"ಎಲಿ ಬ್ಯಾರೆ, ಪಿಚ್ಚರ್ ಬ್ಯಾರೆ. ನನ್ನ ತಲಿ ಮ್ಯಾಲೆ ಕೈ ಇಟ್ಟು ಆಣಿ ಮಾಡು."

ಅವ್ವ ಕೈ ಒರೆಸಿಕೊಂಡು ನನ್ನ ತಲೆಯ ಮೇಲಿಟ್ಟಳು. "ನಿನ್ನಾಣಿ, ಖೂನಿ ಮಾಡಿದಾಂವ ಡಾಕ್ಟರ್ ಅಂತ ಒಂದ ಹೆಣ್ಣಿನ ಮುಂದೂ ಹೇಳಂಗಿಲ್ಲ. ಸಾಕೇನು?"

ಸಾಕು ಅಂದೆ. ಮಾತು ಪಕ್ಕಾ ಮಾಡುವಾಗ ಹೇಳಿದ್ದನ್ನಷ್ಟೇ ಅಲ್ಲ, ಹೇಳದೆ ಬಿಟ್ಟಿದ್ದನ್ನೂ ಕೇಳಿಸಿಕೊಳ್ಳಬೇಕು ಎಂದು ಈಗ ಎಲ್ಲರಿಗೂ ಬುದ್ಧಿ ಹೇಳುತ್ತೇನೆ. ಆಗ ನನಗೇ ಆ ಬುದ್ಧಿ ಇರಲಿಲ್ಲ.

ಶಿಗ್ಗಾಂವಿಯಲ್ಲಿ ಟೆಂಟು ಎದ್ದು ಗೌಡಸಾನಿ ಬರುವ ದಿನ ಬಂತು. ಹೊತ್ತು ಮುಳುಗುವ ಮೊದಲೇ ಬಾವಿಯಿಂದ ನೀರು ತಂದು ಮರಳಿಗೆ ಚಿಮುಕಿಸಿದೆ. ಹೆಂಗಸರ ಕಡೆ ಎಲ್ಲರಿಗಿಂತ ಮುಂದೆ ಜಮಖಾನ ಹಾಸಿ ಲೋಡು ಇಟ್ಟೆ. ಆಟದ ಮುನ್ನ ದೇವರ ಹಾಡಿನ ಗ್ರಾಮಫೋನ್ ಪ್ಲೇಟು ಹಚ್ಚುವ ಹೊತ್ತಿಗೆ ಸರಿಯಾಗಿ ಸವಾರಿ ಗಾಡಿ ಬಂತು. ಸೊಸೆಯರು, ಮೊಮ್ಮಕ್ಕಳು ಹಿಂದೆ. ಇಳಕಲ್ ಸೀರೆಯ ಸೆರಗು ಹೊದ್ದು ಗೌಡಸಾನಿ ಮುಂದೆ. ನಾನು ನನ್ನ ಬಾಗಿಲನ್ನು ಬಿಟ್ಟು ಕೈಮುಗಿದು ನಿಂತೆ. ಅವರು ನನ್ನನ್ನು ದಾಟಿ ಅವ್ವನ ಮುಂದೆ ಹೋಗಿ ನಿಂತರು.

"ಏ ಎಲಿಯವ್ವ, ಏನೈತಿ ಇದರಾಗ?"

"ಒಂದ ಖೂನಿ ಐತ್ರೀ ಅವ್ವಾರ. ಹೊಡದಾಟ ಇಲ್ಲ."

"ಸಾಯಾಂವ ಯಾರು?"

"ಮನಿ ಯಜಮಾನ್ರೀ. ಆಂವಾ ಮೊದಲ ಸತ್ತಿರ್ತಾನ, ಅಳೂ ಅಂಥಾದ್ದೇನಿಲ್ಲ."

"ಹುಡುಗ್ರು ಮಕ್ಕಳು?"

"ಒಂದ ಕೂಸು ಐತಿ. ಅದಕ್ಕೇನೂ ಆಗಂಗಿಲ್ಲ. ಕಡೀಕ ಎದ್ದು ಆಡ್ತೈತಿ."

ಗೌಡಸಾನಿ ಸಮಾಧಾನದಿಂದ ತಲೆ ಆಡಿಸಿದರು. "ಖೂನಿ ಮಾಡಿದಾಂವ?"

ಅವ್ವ ನನ್ನ ಮುಖ ನೋಡಿದಳು. ನಾನು ಕಣ್ಣಲ್ಲೇ ಬೇಡ ಅಂದೆ. ಗೌಡಸಾನಿಗೆ ಅದು ಕಂಡಿತು.

"ಅವನ ಮಾರಿ ಯಾಕ ನೋಡ್ತಿ? ಇಷ್ಟ ವರ್ಷ ನನಗ ಎಲಿ ಮಾರೀದಿ, ಬಿಚ್ಚದ ಒಮ್ಮೆರೆ ತಗೊಂಡೇನೇನು?" ಅಂದು ಸೊಸೆಯರ ಕಡೆ ತಿರುಗಿದರು. "ನಡೀರಿ, ಗಾಡಿ ಹತ್ರಿ. ಒಳಗ ಕೊಳತದ್ದು ಐತಿ, ಅದಕ್ಕ ತೋರಸವೊಲ್ಲರು."

ಸೊಸೆಯರು ಹೊರಳಿದರು. ನನಗೆ ಹತ್ತಿಯ ಗಂಟುಗಳು ಆ ಜಾಗದಲ್ಲಿ ಬೆಟ್ಟದಂತೆ ಒಟ್ಟಿದ್ದು ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಅವ್ವ ಮುಂದೆ ಬಾಗಿ ಗೌಡಸಾನಿಯ ಕಿವಿಯಲ್ಲಿ ಏನೋ ಉಸುರಿದಳು. ಗೌಡಸಾನಿ, "ಹಾಂ, ಹಿಂಗ ಹೇಳು ಮತ್ತ," ಅನ್ನುತ್ತ ಒಳಗೆ ಹೋಗಿ ಜಮಖಾನದ ಮೇಲೆ ಕುಳಿತರು. ಅವ್ವ ಆಣೆ ಮುರಿದಳು ಎಂದುಕೊಂಡೆ. ಜಾಗ ಉಳಿದರೆ ಆಣೆ ಮುರಿದರೂ ನಡೆದೀತು ಎಂದೂ ಅಂದುಕೊಂಡೆ.

ಪಿಚ್ಚರು ಶುರುವಾಯಿತು. ನಾನು ಹೆಂಗಸರ ಕಡೆಯ ಹಗ್ಗದ ಪಕ್ಕ ಕಂಬಕ್ಕೆ ಒರಗಿ ನಿಂತು ಪರದೆಯನ್ನು ಬಿಟ್ಟು ಗೌಡಸಾನಿಯನ್ನೇ ನೋಡುತ್ತಿದ್ದೆ. ತೆರೆಯ ಮೇಲೆ ಮಾಲಿ ಕುಂಟುತ್ತ ಬಂದು ಕೂಸಿನ ಕೈಗೆ ಪೇರಲಹಣ್ಣು ಕೊಟ್ಟ. ಗೌಡಸಾನಿ ಮುಂದೆ ಬಾಗಿದರು.

"ತಗೋಬ್ಯಾಡ ಕೂಸ. ಅವನ ಕೈಯಾಂದು ತಗೋಬ್ಯಾಡ."

ನನಗೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಡಾಕ್ಟರು ಚೀಲ ಹಿಡಿದು ನಗುತ್ತ ಬಂದ. ಗೌಡಸಾನಿ ಲೋಡಿಗೆ ಒರಗಿ, "ಎಷ್ಟ ಚಲೋ ಮನಶ್ಯಾ," ಎಂದು ಹಿರಿಸೊಸೆಗೆ ಹೇಳಿದರು. "ನಮ್ಮೂರಾಗೂ ಇಂಥಾಂವ ಒಬ್ಬ ಇರಬೇಕಿತ್ತು."

ನಾನು ಓಡಿ ಬಾಗಿಲಿಗೆ ಹೋದೆ. ಅವ್ವ ಟಿಕೀಟಿನ ಪೆಟ್ಟಿಗೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು.

"ಏನ ಹೇಳ್ದಿ ಅವರಿಗೆ?"

"ಮಾಲಿ ಅಂದೆ."

"ಯಾಕ?"

"ಡಾಕ್ಟರ್ ಅಂತ ಹೇಳಬ್ಯಾಡ ಅಂತ ಆಣಿ ತಗೊಂಡಿ. ಮಾಲಿ ಅಂತ ಹೇಳಬ್ಯಾಡ ಅಂತ ಎಲ್ಲಿ ತಗೊಂಡಿ? ಹೇಳದಿದ್ರ ಗಾಡಿ ಹತ್ತತಿದ್ರು. ಖರೇ ಹೇಳಿದ್ರ ನಿನ್ನ ತಲಿ. ನಡುವ ಇದ್ದದ್ದು ಅದೊಂದ ದಾರಿ." ಒಂದು ಶೇಂಗಾ ಬಾಯಿಗೆ ಹಾಕಿಕೊಂಡಳು. "ಈಗ ಹೋಗು, ಪಿಚ್ಚರ್ ನೋಡು."

ಕಡೆಯ ರೀಲು ಏರಿಸುವ ಮುನ್ನ ದೀಪ ಹತ್ತಿದಾಗ, ಹೋಗಿ ಗೌಡಸಾನಿಗೆ ನಿಜ ಹೇಳಿಬಿಡೋಣವೆಂದು ಹಗ್ಗದ ಹತ್ತಿರ ಬಾಗಿದೆ. ತಿಳಿದೂ ತಿಳಿದೂ ಸುಳ್ಳು ಮಾಲು ಕೊಟ್ಟರೆಂದು ಗೊತ್ತಾದ ಮೇಲೆ ಯಾವ ಗಿರಾಕಿ ತಿರುಗಿ ಬಂದಾನು? ಆದರೆ ಅವರು ನನ್ನನ್ನು ಕಂಡು, "ಸರಿ ಅತ್ತಾಗ," ಅಂದರು. "ಈಗ ಮಾಲಿ ಸಿಕ್ಕಬೀಳ್ತಾನ, ಅಡ್ಡ ನಿಂದ್ರಬ್ಯಾಡ."

ಸರಿದೆ. ದೀಪ ಆರಿತು. ಮನೆಯವರೆಲ್ಲ ಮಾಲಿಯನ್ನು ಸುತ್ತುಗಟ್ಟಿದರು. ಗೌಡಸಾನಿ ತೃಪ್ತಿಯಿಂದ ಕೈಕಟ್ಟಿ ಕೂತರು. ಡಾಕ್ಟರು ಕೂಸಿನ ಹಾಸಿಗೆಯ ಬಳಿ ಚೀಲ ತೆರೆದ. ಔಷಧದ ಬಾಟಲಿ ತೆಗೆಯುವಾಗ ಚೀಲದೊಳಗಿಂದ ಗಡಿಯಾರದ ಕೀಲಿ ಜಾರಿ ನೆಲದ ಮೇಲೆ ಉರುಳಿತು. ಸುಮ್ಮನೆ ಉರುಳುತ್ತ ಹೋಗಿ ಕುಂಟ ಮಾಲಿಯ ಕಾಲಿಗೆ ಬಡಿದು ನಿಂತಿತು.

ಗೌಡಸಾನಿ ಎದ್ದೇ ನಿಂತರು. ಸೆರಗು ಜಾರಿದ್ದೂ ಅವರಿಗೆ ತಿಳಿಯಲಿಲ್ಲ.

"ಅಯ್ಯ ಶಿವನ, ಇವನ!"

ಅವರ ನೆರಳು ಪರದೆಯ ಮೇಲೆ ಬಿತ್ತು. ಗಂಡಸರ ಕಡೆಯಿಂದ ಒಂದು ಸೀಟಿಯೂ ಬರಲಿಲ್ಲ. ಆಟ ಮುಗಿದ ಮೇಲೆ ಅವರು ಅವ್ವನ ಮುಂದೆ ಒಂದು ಗಳಿಗೆ ನಿಂತು, ಮುಖ ದಿಟ್ಟಿಸಿ, ಗಾಡಿ ಹತ್ತಿ ಹೋದರು.

ಮರುದಿನ ಮುಂಜಾನೆ ಕರೆ ಬಂತು: ತಾಯಿ-ಮಗ ಇಬ್ಬರೂ ಬರಬೇಕು. ನಾನು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಳ್ಳುತ್ತ ನಡೆದೆ. ಅವ್ವ ಮಾತು ಹೊಂದಿಸಲಿಲ್ಲ, ಒಂದು ಕಟ್ಟು ಎಲೆ ಹಿಡಿದುಕೊಂಡಳು. ಹೋಗಿ ಅದನ್ನು ಗೌಡಸಾನಿಯ ಮುಂದಿಟ್ಟು ಕೂತಳು. ಗೌಡಸಾನಿ ನಿಧಾನವಾಗಿ ಕಟ್ಟು ಬಿಚ್ಚಿದರು. ನಡುವಿನ ಎಲೆ ತೆಗೆದು ಬೆಳಕಿಗೆ ಹಿಡಿದರು. ಇನ್ನೊಂದು ತೆಗೆದರು, ಮತ್ತೊಂದು ತೆಗೆದರು. ಎಲ್ಲ ಚೆನ್ನಾಗಿದ್ದವು.

"ಎಲಿಯೊಳಗ ಒಂದಿನಾನೂ ಮೋಸ ಮಾಡಲಿಲ್ಲ," ಅಂದರು. "ಪಿಚ್ಚರಿನಾಗ ಮಾಡ್ದಿ."

"ಎಲಿ ತಿನ್ನೂದ್ರೀ ಅವ್ವಾರ, ಅದರಾಗ ಸುಳ್ಳು ನಡಿಯಂಗಿಲ್ಲ. ಪಿಚ್ಚರ್ ಏನು ತಿಂತೀರಿ?"

ನಾನು ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣಿನೊಳಗೆ ಗೂಟ ಕೀಳುವ ಸದ್ದು. ಆದರೆ ಕೇಳಿಸಿದ್ದು ಗೌಡಸಾನಿಯ ನಗು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ಕಡೆಗೆ ತೊಡೆಯ ಮೇಲಿನ ಸುಣ್ಣದ ಡಬ್ಬಿ ಉರುಳಿ ಬಿತ್ತು.

"ಈ ಮನ್ಯಾಗ ನನಗ ಗೊತ್ತಿಲ್ಲದ ಒಂದ ಕಡ್ಡಿ ಅಲ್ಲಾಡಂಗಿಲ್ಲ," ಅಂದರು ಸೆರಗಿನಿಂದ ಕಣ್ಣೊರೆಸಿಕೊಂಡು. "ಯಾವ ಸೊಸಿ ಏನು ಬಚ್ಚಿಟ್ಟಾಳ, ಯಾವ ಮಗ ಎಲ್ಲಿ ಹೋಗ್ಯಾನ, ಎಲ್ಲಾ ಮೊದಲ ಗೊತ್ತಿರ್ತೈತಿ. ನಿನ್ನೆ ಒಂದ ದಿನ ಗೊತ್ತಿದ್ದಿಲ್ಲ. ಗೊತ್ತೈತಿ ಅಂದ್ಕೊಂಡಿದ್ದೆ, ಗೊತ್ತಿದ್ದಿಲ್ಲ. ಎದಿ ಹೆಂಗ ಹೊಡ್ಕೊಂತು ಅಂತಿ." ಆಮೇಲೆ ಮುಖ ಸ್ವಲ್ಪ ಸಣ್ಣಗಾಯಿತು. "ಆ ಮಾಲಿನ್ನ ಸುಮ್ಮಸುಮ್ಮನ ಬೈದೆ. ಪಾಪ, ಕೂಸಿಗೆ ಹಣ್ಣು ಕೊಟ್ಟಿದ್ದ. ಇವತ್ತ ಮತ್ತ ಬರ್ತೇನಿ. ಅವನ ಮಾರಿ ಸರಿಯಾಗಿ ನೋಡಬೇಕು. ಆ ಡಾಕ್ಟರಂದೂ ನೋಡಬೇಕು, ಎಲ್ಲಿ ತಪ್ಪಿದೆ ಅಂತ."

"ಅವ್ವಾರ, ಜಾಗದ ಮಾತು..." ಅಂದೆ.

"ಸಂಜೀಕೆ ನೋಡೋಣಂತ."

ಸಂಜೆ ಅವರು ಸೊಸೆಯರಿಗಿಂತ ಎಷ್ಟೋ ಮೊದಲೇ ಬಂದರು. ಒಳಗೆ ಹೋಗಲಿಲ್ಲ. ಹೆಂಗಸರ ಬಾಗಿಲಲ್ಲಿ ಅವ್ವನ ಪಕ್ಕಕ್ಕೆ ಒಂದು ಹೊರಸು ಹಾಕಿಸಿಕೊಂಡು ಕೂತರು. ಗೌಡಸಾನಿಯೇ ಟೆಂಟಿಗೆ ಬಂದಿದ್ದಾರೆ ಎಂಬ ಸುದ್ದಿ ಊರಲ್ಲಿ ಹರಡಿ ಓಣಿ ಓಣಿಯ ಹೆಣ್ಣುಮಕ್ಕಳು ಬಂದಿದ್ದರು. ಬಂದವರು ಎಂದಿನಂತೆ ಅವ್ವನನ್ನು ಕೇಳಿದರು, ಯಾರು ಮಾಡಿದ್ದು ಎಂದು. ಅವ್ವ ಬಾಯಿ ತೆರೆಯುವ ಮೊದಲೇ ಗೌಡಸಾನಿ ಒಬ್ಬಳನ್ನು ಹತ್ತಿರ ಕರೆದು ಬಲು ಗಂಭೀರವಾಗಿ ಕಿವಿಯಲ್ಲಿ ಹೇಳಿದರು: "ಅಡಿಗಿಯಾಂವ." ಅವಳು ಒಳಗೆ ಹೋದಳು. ಮುಂದಿನವಳಿಗೆ, "ಚಿಗವ್ವ." ಅದರ ಮುಂದಿನವಳಿಗೆ, "ಯಾರ ಮುಂದೂ ಅನಬ್ಯಾಡ, ಯಜಮಾನ ಸತ್ತ ಇಲ್ಲ." ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಟಿಕೀಟು ಹರಿಯುತ್ತಿದ್ದಳು.

ಮೊದಲ ರೀಲು ಮುಗಿದು ದೀಪ ಹತ್ತಿದ್ದೇ ತಡ, ಹೆಂಗಸರ ಕಡೆ ಸಂತೆ ನೆರೆಯಿತು.

"ನನಗ ಖುದ್ದ ಗೌಡಸಾನ್ಯಾರ ಹೇಳ್ಯಾರ, ಅಡಿಗಿಯಾಂವ ಅಂತ."

"ನಿನಗ ಯಾಕ ಹೇಳ್ತಾರ? ನನ್ನ ಕಿವ್ಯಾಗ ಹೇಳ್ಯಾರ, ಚಿಗವ್ವ ಅಂತ."

"ನಿಮಗ ಇಬ್ಬರಿಗೂ ಗೊತ್ತಿಲ್ಲ. ಸತ್ತಾಂವ ಸತ್ತ ಇಲ್ಲ."

ಆಟ ಶುರುವಾದಾಗ ಒಳಗೆ ಬಂದು ಕೂತಿದ್ದ ಗೌಡಸಾನಿ ಲೋಡಿಗೆ ಒರಗಿ, ಏನೂ ಅರಿಯದವರ ಹಾಗೆ ಎಲೆ ಮಡಿಸುತ್ತಿದ್ದರು. ಹಗ್ಗದ ಈಚೆ ಗಂಡಸರು ತಮ್ಮ ಪಂಚಾಯಿತಿ ಬಿಟ್ಟು ಆ ಕಡೆ ಕಿವಿ ಕೊಟ್ಟು ಕೂತಿದ್ದರು. ಅಷ್ಟು ಗದ್ದಲ ನನ್ನ ಟೆಂಟಿನಲ್ಲಿ ಯಾವ ಹೊಡೆದಾಟದ ಪಿಚ್ಚರಿಗೂ ಆಗಿರಲಿಲ್ಲ. ಸದ್ದಿಗೆ ಬೇಸರಪಟ್ಟೇ ಅವರು ಜಾಗ ಹತ್ತಿಗೆ ಕೊಡಲು ಹೊರಟಿದ್ದರು ಎಂಬುದನ್ನು ನೆನಪಿಸುವ ಹುಚ್ಚು ನಾನು ಮಾಡಲಿಲ್ಲ. ಗಿರಾಕಿ ತಾನಾಗಿ ತೂಕದ ತಟ್ಟೆ ಒತ್ತುತ್ತಿದ್ದರೆ ವ್ಯಾಪಾರಿ ಬಾಯಿ ಮುಚ್ಚಿಕೊಂಡಿರಬೇಕು.

ಹತ್ತಿಯವನು ಎರಡು ದಿನ ಬಿಟ್ಟು ಬಂದು ಕೇಳಿದಾಗ, "ಹತ್ತಿ ಗಂಟು ನೋಡಾಕ ಯಾರು ಬರ್ತಾರ?" ಎಂದು ಅವನನ್ನು ಸಾಗಹಾಕಿದರಂತೆ.

ಅದೇ ಪಿಚ್ಚರನ್ನು ಹಿರೇಕೆರೂರಿಗೆ ಒಯ್ದಾಗ, ಏನೂ ಕೇಳದೆ ಒಳಹೋಗುವವರು ಒಂದು ಕಡೆ, ಕೇಳಿಕೊಂಡು ಹೋಗುವವರು ಇನ್ನೊಂದು ಕಡೆ ಎಂದು ಇದ್ದದ್ದು ಇದ್ದ ಹಾಗೇ ಬಿಟ್ಟೆ. ಮಾಡಿದ ಬದಲಾವಣೆ ಒಂದೇ. ಅವ್ವ ಯಾರಿಗೆ ಏನು ಹೇಳುತ್ತಾಳೆಂದು ನಾನು ಕೇಳುವುದನ್ನು ಬಿಟ್ಟೆ. ಅವಳಿಗೆ ಮುಖ ನೋಡಿದರೆ ತಿಳಿಯುತ್ತಿತ್ತು. ಎದೆ ಮೆತ್ತಗಿದ್ದವರಿಗೆ, ಬಸುರಿಯರಿಗೆ ನಿಜ ಹೇಳುತ್ತಿದ್ದಳು, ಗಟ್ಟಿಗಿತ್ತಿಯರಿಗೆ ಸುಳ್ಳು. ಅಲ್ಲಿ ಜೋಳದ ವ್ಯಾಪಾರದ ಹೆಣ್ಣುಮಗಳೊಬ್ಬಳು, "ನನಗ ಸುಳ್ಳ ಹೇಳಬೇ, ಮಜಾ ಬರ್ತೈತಿ," ಎಂದು ಕೇಳಿ ಪಡೆದುಕೊಂಡು ಹೋದಳು. ವಕೀಲರು ಮುಂದಿನ ಸಲ ಸಿಕ್ಕಾಗ ಇದನ್ನೆಲ್ಲ ಹೇಳಿದೆ. ಆದರೂ ಗುಟ್ಟೇ ಆ ಪಿಚ್ಚರಿನ ಜೀವ ಎಂಬ ವಾದವನ್ನು ಅವರು ಬಿಡಲಿಲ್ಲ. ಬಿಡುವುದೂ ಬೇಡ. ಎರಡು ನಮೂನೆಯ ಗಿರಾಕಿಗಳಿದ್ದರೆ ಒಬ್ಬರನ್ನು ತಿದ್ದಲು ಹೋಗಬಾರದು, ಎರಡು ಬಾಗಿಲು ಇಡಬೇಕು.

ಎಂಬತ್ತರ ದಶಕದಲ್ಲಿ ವಿಡಿಯೊ ಬಂದು ಟೆಂಟು ಮಡಿಸುವವರೆಗೂ ಆ ಜಾಗ ನನ್ನದೇ ಆಗಿತ್ತು. ಪ್ರತಿವರ್ಷ ದೀಪಾವಳಿ ಕಳೆದ ಮೇಲೆ ಅವ್ವನನ್ನು ಕರೆದುಕೊಂಡು ಹೋಗುತ್ತಿದ್ದೆ. ಗೌಡಸಾನಿ ಎಲೆಯ ಕಟ್ಟು ಬಿಚ್ಚಿ ನಡುವಿನದನ್ನು ತೆಗೆದು ನೋಡುತ್ತಿದ್ದರು. ಆಮೇಲೆ ಅವ್ವನ ಕಡೆ ಬಾಗುತ್ತಿದ್ದರು.

"ಈ ವರ್ಷ ಯಾರು?"

ಅವ್ವ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಗೌಡಸಾನಿ ಅವಳ ಮುಖವನ್ನು ಬಹಳ ಹೊತ್ತು ನೋಡುತ್ತಿದ್ದರು.

"ಖರೇನೋ, ಸುಳ್ಳೋ?"

"ಟೆಂಟು ಏಳೂ ತನಕ ನನಗೂ ಗೊತ್ತಿಲ್ರೀ ಅವ್ವಾರ."

ಅವರು ಎಲೆಗೆ ಸುಣ್ಣ ಹಚ್ಚಿ ಮಡಿಸಿ ಬಾಯಿಗಿಟ್ಟುಕೊಂಡು ನನ್ನ ಕಡೆ ತಿರುಗುತ್ತಿದ್ದರು.

"ಏನು ನಿಂತು ನೋಡ್ತೀಯೋ ತಮ್ಮಾ? ಹೋಗು, ಗೂಟ ಬಡಿ."